ಬದಿಯಡ್ಕದ ಅಡುಗೆ ಚಪ್ಪರದಲ್ಲಿ ನ್ಯೂಯಾರ್ಕಿನ ಸಜ್ಜಿಗೆ

ಕಾಸರಗೋಡಿಗೆ ಹೋದವರು ಬೇಕಲ ಕೋಟೆ ನೋಡಿಯೇ ನೋಡುತ್ತಾರೆ. ಕೋಟೆ ಚೆಂದ, ಬಿಸಿಲು ವಿಪರೀತ. ಅನಂತಪುರದ ಕೆರೆ ದೇವಸ್ಥಾನಕ್ಕೆ ಬೆಳಗ್ಗೆಯೇ ಹೋಗುವುದು ಒಳ್ಳೆಯದು. ಅವುಗಳ ಬಗ್ಗೆ ಇಷ್ಟು ಸಾಕು. ಈ ಪ್ರವಾಸದಲ್ಲಿ ಬರೆದಿಡಬೇಕು ಅನ್ನಿಸಿದ್ದು ಬದಿಯಡ್ಕದ ಆಚೆ, ಮದುವೆ ಮನೆಯೊಂದರ ಅಡುಗೆ ಚಪ್ಪರದಲ್ಲಿ ನಡೆದ ಮಾತು.

ಅಲ್ಲಿಗೆ ಬಸ್ಸಿನಲ್ಲಿ ಹೋಗುವವರಿಗೆ ಒಂದು ಮಾತು: ಕಾಸರಗೋಡಿನಲ್ಲಿ ಹಳೆ ಬಸ್‌ಸ್ಟ್ಯಾಂಡು ಬೇರೆ, ಹೊಸತು ಬೇರೆ. ಯಾವುದರಲ್ಲಿ ಕಾಯಬೇಕೆಂದು ಮೊದಲೇ ಕೇಳಿಕೊಳ್ಳಿ. ಬೋರ್ಡು ಮಲಯಾಳದಲ್ಲಷ್ಟೇ ಇದ್ದರೆ ಕಂಡಕ್ಟರನ್ನು ಕೇಳದೆ ಹತ್ತಬೇಡಿ. ಮಧ್ಯಾಹ್ನದ ಸೆಕೆಯಲ್ಲಿ ತಪ್ಪು ಬಸ್ಸಿನಿಂದ ಇಳಿದು ನಡೆಯುವ ಕರ್ಮ ಯಾರಿಗೂ ಬೇಡ.

ಚಪ್ಪರದಲ್ಲಿ ಅಡುಗೆಯ ಭಟ್ರು ಗುಜ್ಜೆ (ಎಳೆ ಹಲಸು) ಕೊಚ್ಚುತ್ತಿದ್ದರು. ಮಾತು ಫ್ಲಾಯ್ಡ್ ಕಾರ್ಡೋಜ್ ಕಡೆಗೆ ಹೊರಳಿತು. ಗೋವಾ ಮೂಲದ ಕುಟುಂಬದ ಈ ಬಾಣಸಿಗ ಹುಟ್ಟಿದ್ದು 1960ರಲ್ಲಿ, ಮುಂಬಯಿಯಲ್ಲಿ. ಓದಿದ್ದು ಜೀವರಸಾಯನ ಶಾಸ್ತ್ರ, ಹಿಡಿದದ್ದು ಸೌಟು. ಸ್ವಿಟ್ಜರ್ಲೆಂಡಿನಲ್ಲಿ ಕಲಿತು, ನ್ಯೂಯಾರ್ಕಿನ ಲೆಸ್ಪಿನಾಸ್ ಹೋಟೆಲಿನಲ್ಲಿ ಬಾಣಸಿಗ ಗ್ರೇ ಕುಂಜ್ ಕೈಕೆಳಗೆ ಪಳಗಿ, 1998ರಲ್ಲಿ ಹೋಟೆಲ್ ಉದ್ಯಮಿ ಡ್ಯಾನಿ ಮೇಯರ್ ಜೊತೆ ಅಲ್ಲೇ ‘ತಬ್ಲಾ’ ಎಂಬ ಹೋಟೆಲು ತೆರೆದರು. ನಮ್ಮ ಮಸಾಲೆ, ಅಲ್ಲಿಯ ತರಕಾರಿ ಮಾಂಸ, ಫ್ರೆಂಚ್ ಅಡುಗೆಮನೆಯ ಶಿಸ್ತು. 2010ರ ಕೊನೆಗೆ ತಬ್ಲಾ ಮುಚ್ಚಿತು. ಮರುವರ್ಷವೇ ಅಮೆರಿಕದ ಟಿ.ವಿ. ಅಡುಗೆ ಸ್ಪರ್ಧೆ ‘ಟಾಪ್ ಶೆಫ್ ಮಾಸ್ಟರ್ಸ್’ ಗೆದ್ದರು. 2015ರಲ್ಲಿ ಮುಂಬಯಿಯಲ್ಲಿ ‘ಬಾಂಬೆ ಕ್ಯಾಂಟೀನ್’ ಆರಂಭವಾದಾಗ ಅದರ ಹಿಂದೆಯೂ ಇವರಿದ್ದರು. 2020ರ ಮಾರ್ಚ್‌ನಲ್ಲಿ ಕೋವಿಡ್ ಅವರನ್ನು ಕೊಂಡೊಯ್ದಿತು.

ಭಟ್ರ ಕೈ ನಿಂತದ್ದು ಆ ಸ್ಪರ್ಧೆಯ ಕೊನೆಯ ಸುತ್ತಿನ ಅಡುಗೆ ಯಾವುದೆಂದು ಕೇಳಿದಾಗ: ಕಾಡು ಅಣಬೆಯ ಉಪ್ಪಿಟ್ಟು, ಅಂದರೆ ಇಲ್ಲಿಯವರ ಸಜ್ಜಿಗೆ, ಇಟಲಿಯವರ ಪೊಲೆಂಟಾದ (ಮೆಕ್ಕೆಜೋಳದ ಗಂಜಿಯಂಥ ತಿನಿಸು) ಹದದಲ್ಲಿ, ಜೊತೆಗೆ ತೆಂಗಿನಹಾಲು, ಪುನರ್ಪುಳಿ (ಕೋಕಂ).

“ಸಜ್ಜಿಗೆಗೆ ಬಹುಮಾನವಾ ಮಾರಾಯ್ರೆ?” ಎಂದರು. ಆಮೇಲೆ, “ಪುನರ್ಪುಳಿಯೂ ಹಾಲೂ ಒಂದೇ ಪಾತ್ರೆಗೆ ಬಿದ್ದರೆ ಒಡೆಯುತ್ತದಲ್ಲ?”

ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿತ್ತು. ಹುಳಿ ತಾಗಿದರೆ ತೆಂಗಿನಹಾಲಿನ ಪ್ರೋಟೀನು ಗಂಟುಕಟ್ಟಿ ನೀರು ಬೇರೆಯಾಗುತ್ತದೆ, ಕುದಿ ಬಂದರೆ ಇನ್ನೂ ಬೇಗ. ಭಟ್ರು ಅಲ್ಲೇ ಪಕ್ಕದ ಒಲೆಯಲ್ಲಿ ಸಣ್ಣ ಉರುಳಿ ಇಟ್ಟರು. ಅಣಬೆ ಆ ಪಂಕ್ತಿಗೆ ಬಾರದು, ಅದರ ಬದಲು ಗುಜ್ಜೆ.

ಒಂದು ತೆಂಗಿನಕಾಯಿ ತುರಿದು, ಬೆಚ್ಚಗಿನ ನೀರಲ್ಲಿ ರುಬ್ಬಿ ಹಿಂಡಿ, ದಪ್ಪ ಹಾಲು ಅರ್ಧ ಕುಡ್ತೆ (ಅಳತೆಯ ಲೋಟ) ತೆಗೆದಿಟ್ಟರು. ಅದೇ ಚರಟಕ್ಕೆ ನೀರು ಹಾಕಿ ಹಿಂಡಿದ ಎರಡನೇ ಹಾಲು ಎರಡು ಕುಡ್ತೆ. ಪುನರ್ಪುಳಿ ಸಿಪ್ಪೆ ಏಳೆಂಟು, ಅರ್ಧ ಕುಡ್ತೆ ಬಿಸಿನೀರಲ್ಲಿ ಇಪ್ಪತ್ತು ನಿಮಿಷ. ಸಿಪ್ಪೆ ಮೆತ್ತಗೆ, ಕಡುಗೆಂಪಾಗಿ ಇರಬೇಕು. ಚಟಕ್ಕನೆ ಮುರಿಯುವ ಕಪ್ಪು ಸಿಪ್ಪೆ ಬೇಡ. ಕೆಲವರು ಉಪ್ಪು ಹಾಕಿ ಒಣಗಿಸುತ್ತಾರೆ, ಆದ್ದರಿಂದ ನೆಕ್ಕಿ ನೋಡಿಯೇ ಸಜ್ಜಿಗೆಗೆ ಉಪ್ಪು.

ಒಂದು ಕುಡ್ತೆ ರವೆಯನ್ನು ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿದರು, ಬಣ್ಣ ತಿರುಗಲು ಬಿಡಲಿಲ್ಲ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಶುಂಠಿ, ಹಸಿಮೆಣಸು, ಕರಿಬೇವು, ಮೊದಲೇ ಬೇಯಿಸಿದ ಗುಜ್ಜೆ. ಅದಕ್ಕೆ ಎರಡನೇ ಹಾಲು, ಮತ್ತೆ ಎರಡು ಕುಡ್ತೆ ನೀರು. ಉದುರು ಸಜ್ಜಿಗೆಗಾದರೆ ಎರಡೂವರೆ ಕುಡ್ತೆ ಸಾಕಿತ್ತು, ಇಲ್ಲಿ ನಾಲ್ಕು. ಚೆನ್ನಾಗಿ ಕುದಿ ಬಂದ ಮೇಲೆ ಒಂದು ಕೈಯಲ್ಲಿ ರವೆ ಉದುರಿಸುತ್ತ ಇನ್ನೊಂದರಲ್ಲಿ ಸೌಟು ಆಡಿಸಿದರು. ಕುದಿಯುವ ಮೊದಲೇ ಸುರಿದರೆ ರವೆ ಉಂಡೆಕಟ್ಟುತ್ತದೆ, ಒಳಗೆ ಹಸಿ ಉಳಿಯುತ್ತದೆ. ಮುಚ್ಚಿ ಹತ್ತು ನಿಮಿಷ ಸಣ್ಣ ಉರಿ. ಇಳಿಸಿದ ಮೇಲೆಯೇ ದಪ್ಪ ಹಾಲು. ಪುನರ್ಪುಳಿ ಮಾತ್ರ ಉರುಳಿಗೆ ಬೀಳಲೇ ಇಲ್ಲ. ಬಾಳೆಲೆಯಲ್ಲಿ ಸಜ್ಜಿಗೆ ಬಡಿಸಿ, ನಡುವೆ ಗುಂಡಿ ಮಾಡಿ ಎರಡು ಚಮಚ ಕೆಂಪು ನೀರು ಬಿಟ್ಟರು. ಹಾಲು ಒಡೆಯುವಷ್ಟು ಹೊತ್ತು ಎಲೆಯಲ್ಲಿ ಏನೂ ಉಳಿಯುವುದಿಲ್ಲ ಎಂಬುದು ಅವರ ಲೆಕ್ಕ.

ರುಚಿ ಬಲು ಸೊಗಸು. ಮೊದಲು ಹಾಲಿನ ಸಿಹಿ, ಹಿಂದಿನಿಂದ ಹುಳಿ, ಗುಜ್ಜೆ ಹಲ್ಲಿಗೆ ಸಿಗುತ್ತದೆ. ಮದುವೆ ಬಫೆಗಳಲ್ಲಿ ಹೊಸತನದ ಹೆಸರಿನಲ್ಲಿ ಗೋಬಿ ಮಂಚೂರಿಯ ಪಕ್ಕ ಪಾಸ್ತಾ ಸುರಿಯುವವರು ಇದನ್ನು ಒಮ್ಮೆ ತಿನ್ನಬೇಕು. ಇಲ್ಲಿ ಹೊರಗಿನಿಂದ ಬಂದದ್ದು ಹದವೊಂದೇ, ಉಳಿದದ್ದೆಲ್ಲ ಹಿತ್ತಲಿನದು.

ನಾಳೆ ಬೆಳಗ್ಗಿನ ಪಂಕ್ತಿಗೆ ಇದನ್ನೇ ಮಾಡಬಹುದಲ್ಲ ಎಂದರೆ ಭಟ್ರು ತಲೆಯಾಡಿಸಿದರು. “ಅವರಿಗೆ ಒಂದೊಂದೇ ತಟ್ಟೆ. ನಮಗೆ ಮುನ್ನೂರು ಎಲೆ. ಕಾಲು ಗಂಟೆಯಲ್ಲಿ ಬಿಗಿಯುತ್ತದೆ ಇದು. ಕೊನೆಯ ಸಾಲಿಗೆ ಮುಟ್ಟುವಾಗ ಕತ್ತಿ ಬೇಕಾದೀತು.” ದಾರಿ ಇಲ್ಲವೆಂದಲ್ಲ. ಎರಡನೇ ಹಾಲನ್ನು ಇನ್ನೊಂದು ಒಲೆಯಲ್ಲಿ ಕುದಿಯದಂತೆ ಬಿಸಿಯಾಗಿಟ್ಟು, ಪ್ರತಿ ಬಕೆಟ್ ತುಂಬಿಸುವಾಗ ಎರಡು ಸೌಟು ಸೇರಿಸಿ ಸಡಿಲಿಸಬೇಕು. ಪುನರ್ಪುಳಿ ನೀರು ಬಿಡಲು ಬಡಿಸುವವನ ಹಿಂದೆಯೇ ಇನ್ನೊಬ್ಬ ನಡೆಯಬೇಕು. ಆ ಇನ್ನೊಬ್ಬ ಸಿಗದ್ದರಿಂದ ಮರುದಿನ ಎಲೆಗೆ ಬಿದ್ದದ್ದು ಎಂದಿನ ಸಜ್ಜಿಗೆ ಅವಲಕ್ಕಿ.