ಅವ್ವನ ಪಂಖಾಕ್ಕೆ ಬಣ್ಣ ಹಚ್ಚಿದ್ದು

ಶಿವರಾತ್ರಿ ಮುಗಿಯಿತು ಅಂದರೆ ವಿಜಯಪುರದಲ್ಲಿ ಮಧ್ಯಾಹ್ನ ಫ್ಯಾನ್ ಇಲ್ಲದೆ ಕೂರುವುದು ಕಷ್ಟ. ಮುಂದೆ ಬಿಸಿಲು 40 ಡಿಗ್ರಿ ದಾಟುತ್ತದೆ. ಅಷ್ಟರೊಳಗೆ ಪಡಸಾಲೆಯ ಫ್ಯಾನ್ ಕೆಲಸ ಮುಗಿಸಬೇಕಿತ್ತು. 1996ರಲ್ಲಿ ಮನೆಗೆ ಸ್ಲ್ಯಾಬ್ ಹಾಕಿಸಿದಾಗ ಅಪ್ಪ ತಂದ ಫ್ಯಾನ್ ಅದು. ಮೋಟಾರು ಇನ್ನೂ ಗಟ್ಟಿ ಇದೆ. ಆದರೆ ರೆಕ್ಕೆಗಳ ಅಂಚಿಗೆ ತುಕ್ಕು ಹಿಡಿದು, ಕಂದು ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಒಂದು ದಿನ ಊಟದ ತಾಟಿಗೇ ಬಿತ್ತು.

“ಹೊಸಾದು ತರೂಣೇನವ್ವಾ?” ಅಂದೆ.

“ಚಲೋ ತಿರಗೂ ಪಂಖಾ ಯಾಕ ತಗೀತಿ?” ಅಂದಳು ಅವ್ವ. ನನ್ನ ಮನಸ್ಸಲ್ಲೂ ಅದೇ ಇತ್ತು.

ಮೊದಲು ಮೇನ್ ಸ್ವಿಚ್ಚನ್ನೇ ಆಫ್ ಮಾಡಿದೆ. ಗೋಡೆಯ ಸ್ವಿಚ್ ಒಂದನ್ನೇ ನಂಬಬಾರದು. ಕೆಲವು ಮನೆಗಳಲ್ಲಿ ಅದನ್ನು ಕರೆಂಟ್ ಬರುವ ವೈರಿಗೆ ಕೊಡದೆ, ತಪ್ಪಾಗಿ ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವೈರಿಗೆ ಕೊಟ್ಟಿರುತ್ತಾರೆ. ಆಗ ಸ್ವಿಚ್ ಆಫ್ ಇದ್ದರೂ ಮೇಲೆ ಕರೆಂಟ್ ಇದ್ದೇ ಇರುತ್ತದೆ. ತಮ್ಮ ನಿಚ್ಚಣಿಕೆ ಹಿಡಿದುಕೊಂಡ. ಮೋಟಾರು ಇಳಿಸದೆ ರೆಕ್ಕೆಗಳನ್ನಷ್ಟೇ ಬಿಚ್ಚಿ, ಸ್ಕ್ರೂ ತೂತಿಗೆ 1, 2, 3 ಅಂತ ಬರೆದ ಚೀಟಿ ಕಟ್ಟಿದೆ. ಯಾವುದು ಎಲ್ಲಿತ್ತೋ ಅಲ್ಲೇ ಹೋಗಬೇಕಲ್ವಾ.

ಸೋಪಿನ ನೀರಲ್ಲಿ ತಿಕ್ಕಿದಾಗ ಎರಡು ಬಕೆಟ್ ನೀರು ಕಪ್ಪಾಯಿತು. ನಮ್ಮ ಕಡೆಯ ಎರೆ ಮಣ್ಣಿನ ಧೂಳು ಜಿಡ್ಡಿನ ಜೊತೆ ಸೇರಿದರೆ ಸುಮ್ನೆ ಬಿಡುವುದಿಲ್ಲ. ಒಣಗಿದ ಮೇಲೆ ಅಯಸ್ಕಾಂತ ಹಿಡಿದು ನೋಡಿದೆ. ಅಂಟಿತು. ಅಂದರೆ ಕಬ್ಬಿಣದ ತಗಡು, ಬಣ್ಣಕ್ಕೆ ಮೊದಲು ಹಚ್ಚಲು ರೆಡ್ ಆಕ್ಸೈಡ್ ಪ್ರೈಮರ್ ನಡೆಯುತ್ತದೆ. ಅಲ್ಯೂಮಿನಿಯಂ ಆಗಿದ್ದರೆ ಬೇರೆ ಪ್ರೈಮರ್ ಬೇಕಿತ್ತು. 120 ನಂಬರಿನ ಪಾಲಿಶ್ ಪೇಪರಿನಿಂದ ತುಕ್ಕು ತೆಗೆದೆ, 320ರಿಂದ ನುಣುಪು ಮಾಡಿದೆ. ಬಣ್ಣಕ್ಕಿಂತ ಈ ತಿಕ್ಕುವ ಕೆಲಸವೇ ಜಾಸ್ತಿ ಹೊತ್ತು ಹಿಡಿಯಿತು.

ಪ್ರೈಮರ್ ಆದ ಮೇಲೆ ಕೆನೆ ಬಣ್ಣದ ಎನಾಮೆಲ್ ಹಚ್ಚಿದೆ. ಬೇಗ ಒಣಗಲಿ ಅಂತ ರೆಕ್ಕೆಗಳನ್ನು ಮಾಳಿಗೆ ಮೇಲೆ ಮಲಗಿಸಿಟ್ಟೆ. ಅಲ್ಲೇ ತಪ್ಪಿದ್ದು. ಮಧ್ಯಾಹ್ನ ಗಾಳಿ ಎದ್ದು, ಅಂಚಿಗಿದ್ದ ಮೂರನೇ ರೆಕ್ಕೆಯ ತುಂಬ ಧೂಳು ಕೂತಿತು. ಅದನ್ನು ತಿಕ್ಕಿ, ಕಲೆ ಮುಚ್ಚಲಿ ಅಂತ ಮೇಲೆ ಎರಡು ದಪ್ಪ ಕೋಟ್ ಕೊಟ್ಟೆ. ಈ ಸಲ ಒಳಗಿನ ಖೋಲಿಯಲ್ಲಿ ದಾರ ಕಟ್ಟಿ ತೂಗುಬಿಟ್ಟೆ.

ಎರಡು ದಿನ ಬಿಟ್ಟು ಜೋಡಿಸಿದೆವು. ರೆಗ್ಯುಲೇಟರ್ ಎರಡರ ಮೇಲಿದ್ದಾಗ ಚೆನ್ನಾಗಿಯೇ ತಿರುಗಿತು. ನಾಲ್ಕಕ್ಕೆ ಇಟ್ಟಾಗ ಇಡೀ ಫ್ಯಾನ್ ಅಲುಗಾಡತೊಡಗಿತು. ಅವ್ವ ಮಂಚ ಬಿಟ್ಟು ಎದ್ದಳು. ನನಗೆ ಹೊಟ್ಟೆಯಲ್ಲಿ ಕಸಿವಿಸಿ ಆಯಿತು. ಮೂವತ್ತು ವರ್ಷ ಹತ್ತಿರ ಒಂದೇ ಸಮ ತಿರುಗಿದ್ದನ್ನು ನನ್ನ ಕೈಯಾರೆ ಕೆಡಿಸಿದೆನಾ ಅನ್ನಿಸಿತು.

ಸ್ಕ್ರೂ ಬಿಗಿ ಇದ್ದವು. ರೆಕ್ಕೆಗಳೂ ಒಂದೇ ಮಟ್ಟದಲ್ಲಿದ್ದವು. ಉಳಿದದ್ದು ತೂಕ. ಮೂರನ್ನೂ ಬಿಚ್ಚಿಕೊಂಡು ಓಣಿಯ ಕಿರಾಣಿ ಅಂಗಡಿಗೆ ಹೋದೆ. ಅಂಗಡಿಯ ಅಣ್ಣ ಏನೂ ಕೇಳದೆ ಸಕ್ಕರೆ ಬದಿಗಿಟ್ಟು ತೂಗಿಕೊಟ್ಟರು. ಮೂರನೇದು ಉಳಿದೆರಡಕ್ಕಿಂತ 10 ಗ್ರಾಂ ಜಾಸ್ತಿ! 10 ಗ್ರಾಂ ಏನು ಮಹಾ ಅನ್ನಿಸಬಹುದು. ಆದರೆ ಫ್ಯಾನ್ ನಿಮಿಷಕ್ಕೆ 330 ಸುತ್ತು ತಿರುಗುವಾಗ, ನಡುವಿನಿಂದ 35 ಸೆಂಟಿಮೀಟರ್ ದೂರದ 10 ಗ್ರಾಂ ಹೊರಗೆ ಜಗ್ಗುವ ಜೋರು, 400 ಗ್ರಾಂ ಬಟ್ಟು ನೇತುಹಾಕಿದಷ್ಟಾಗುತ್ತದೆ. ಆ ಜಗ್ಗಾಟ ಸೆಕೆಂಡಿಗೆ ಐದಾರು ಸಲ ದಿಕ್ಕು ಬದಲಿಸುತ್ತದೆ. ಫ್ಯಾನ್ ತೂಗುವ ರಾಡ್ ಅಲುಗದೆ ಇನ್ನೇನು ಮಾಡೀತು?

ಮನೆಗೆ ಬಂದು ದಪ್ಪ ಬಣ್ಣವನ್ನೆಲ್ಲ ತಿಕ್ಕಿ ಇಳಿಸಿದೆ. ತೆಳ್ಳಗೆ ಒಂದೇ ಕೋಟ್ ಹಚ್ಚಿ, ಒಣಗಿದ ಮೇಲೆ ಮತ್ತೆ ಅಂಗಡಿಗೆ ಹೋದೆ. ಈಗ ತಕ್ಕಡಿ ಮೂರಕ್ಕೂ ಒಂದೇ ಅಂಕಿ ತೋರಿಸಿತು.

ಅವ್ವ ಊಟ ಮಾಡಿ ಮಂಚದ ಮೇಲೆ ಅಡ್ಡಾದಳು. “ಐದಕ್ಕ ಇಡು” ಅಂದಳು. ಐದಕ್ಕೆ ಇಟ್ಟು ಅಲ್ಲೇ ನಿಂತು ನೋಡಿದೆ. ರಾಡ್ ಕದಲಲಿಲ್ಲ. ಅವಳಿಗೆ ಆಗಲೇ ನಿದ್ದೆ ಹತ್ತಿತ್ತು.

ಸಂಜೆ ಚಹಾ ಕುಡಿಯುತ್ತ ಕೇಳಿದಳು: “ಒಳಗಿನ ಖೋಲ್ಯಾಂದು ಯಾವಾಗ ಬಿಚ್ಚತೀ?”