ಫ್ಲೋರಿಡಾಕ್ಕೆ ಹೋದರೆ ಸೆಮಿನೋಲರ ನಾಡನ್ನೂ ನೋಡಿ ಬನ್ನಿ

ಒರ್ಲಾಂಡೋಗೆ ಬಂದ ನಮ್ಮವರು ಡಿಸ್ನಿ ಮುಗಿಸಿ ನೇರ ಮಯಾಮಿ ಬೀಚಿಗೆ ಓಡುತ್ತಾರೆ. ಕಾರಿದ್ದು ಎರಡು ಮೂರು ದಿನ ಬಿಡುವಿದ್ದರೆ, ಇಲ್ಲಿನ ಮೂಲನಿವಾಸಿಗಳಾದ ಸೆಮಿನೋಲರು ಅಮೆರಿಕದ ಸೈನ್ಯವನ್ನು 1835ರಿಂದ 1842ರವರೆಗೆ ಸತಾಯಿಸಿದ ಜಾಗಗಳತ್ತ ಹೊರಡಿ. ಚಳಿಗಾಲವೇ ವಾಸಿ. ಮಳೆಗಾಲದಲ್ಲಿ ಸೊಳ್ಳೆಗಳು ಒಂದು ಫಲಕವನ್ನೂ ನೆಮ್ಮದಿಯಾಗಿ ಓದಲು ಬಿಡುವುದಿಲ್ಲ.

ಒರ್ಲಾಂಡೋದಿಂದ ಗಂಟೆಯ ದಾರಿಯಲ್ಲಿ ಬುಶ್‌ನೆಲ್ ಎಂಬ ಊರು ಸಿಗುತ್ತದೆ. ಯುದ್ಧ ಶುರುವಾದದ್ದು ಇಲ್ಲಿಯೇ. 1830ರ ಕಾಯ್ದೆ ಹಿಡಿದು ಸರ್ಕಾರ ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯಾಚೆಗೆ ಅಟ್ಟುತ್ತಿದ್ದ ಕಾಲವದು. 1835ರ ಡಿಸೆಂಬರ್ 28ರಂದು ಮೇಜರ್ ಡೇಡ್‌ನ ನೂರಕ್ಕೂ ಹೆಚ್ಚು ಸೈನಿಕರ ಮೇಲೆ ಮಿಕನೋಪಿ, ಜಂಪರ್, ಅಲಿಗೇಟರ್ ಎಂಬ ಸೆಮಿನೋಲ್ ನಾಯಕರು ಇಲ್ಲಿ ಎರಗಿದರು. ಚಳಿಯೆಂದು ಸೈನಿಕರು ತೋಟಾ ಪೆಟ್ಟಿಗೆಯ ಮೇಲೆ ಕೋಟು ತೊಟ್ಟು ಗುಂಡಿ ಹಾಕಿಕೊಂಡಿದ್ದರಿಂದ ತೋಟಾ ತಟ್ಟನೆ ಕೈಗೆ ಸಿಗುವಂತಿರಲಿಲ್ಲ. ಬದುಕುಳಿದವರು ಬೆರಳೆಣಿಕೆಯಷ್ಟು. ಪೈನ್ ಮರಗಳ ಬುಡದಲ್ಲಿ ಒತ್ತಾಗಿ ಬೆಳೆದ ಪಾಮೆಟೊ ಪೊದೆಗಳನ್ನು ನೋಡಿದರೆ ಹೊಂಚು ಹಾಕಿದ್ದು ಹೇಗೆಂದು ಯಾರೂ ವಿವರಿಸಬೇಕಿಲ್ಲ. ಅರ್ಧ ದಿನ ಧಾರಾಳ ಸಾಕು.

ಮುಂದೆ ಸೇಂಟ್ ಅಗಸ್ಟಿನ್. ಸ್ಪೇನಿನವರು ಕಟ್ಟಿದ ಸಾನ್ ಮಾರ್ಕೋಸ್ ಕೋಟೆಯ ಗೋಡೆಗೆ ಮುಖವಿಟ್ಟು ನೋಡಿ: ಇಡೀ ಕಲ್ಲು ಸಮುದ್ರದ ಚಿಪ್ಪಿನ ಚೂರುಗಳಿಂದಾದದ್ದು, ಹೆಸರು ಕೋಕಿನಾ. ಮಾತುಕತೆಗೆಂದು ಬಿಳಿ ಬಾವುಟದಡಿ ಬಂದ ಸೆಮಿನೋಲರ ಹೆಸರಾಂತ ನಾಯಕ ಒಸಿಯೋಲನನ್ನು 1837ರ ಅಕ್ಟೋಬರಿನಲ್ಲಿ ಅಮೆರಿಕದ ಸೈನ್ಯದ ಜನರಲ್ ಜೆಸಪ್‌ನ ಆದೇಶದ ಮೇಲೆ ಹಿಡಿದು ತಂದದ್ದು ಇಲ್ಲಿಗೇ. ಶುದ್ಧ ಮೋಸ, ಇದಕ್ಕೆ ಬೇರೆ ಮಾತಿಲ್ಲ. ಮರುತಿಂಗಳೇ ಸೆರೆಯಲ್ಲಿದ್ದ ಇತರ ನಾಯಕರಾದ ಕೊಆಕೂಚಿ, ಜಾನ್ ಹಾರ್ಸ್ ಮತ್ತು ಸಂಗಡಿಗರು ಇದೇ ಕೋಟೆಯಿಂದ ತಪ್ಪಿಸಿಕೊಂಡರು. ಒಸಿಯೋಲ ಮಾತ್ರ ಸೌತ್ ಕೆರೊಲಿನಾದ ಮೌಲ್ಟ್ರಿ ಕೋಟೆಯ ಸೆರೆಯಲ್ಲಿ 1838ರ ಜನವರಿ 30ರಂದು ತೀರಿಕೊಂಡ. ಅವನ ಸಮಾಧಿ ಅಲ್ಲೇ ಇದೆ. ಚಾರ್ಲ್ಸ್‌ಟನ್ ಕಡೆ ಹೋಗುವವರು ನೆನಪಿಟ್ಟುಕೊಳ್ಳಿ.

ಹೆಚ್ಚಿನವರು ಕಥೆಯನ್ನು ಒಸಿಯೋಲನಿಗೇ ಮುಗಿಸುತ್ತಾರೆ. ನನ್ನ ಮಟ್ಟಿಗೆ ಕಥೆಯ ನಾಯಕ ಅಬಿಯಾಕ, ಸೈನಿಕರ ಬಾಯಲ್ಲಿ ಸ್ಯಾಮ್ ಜೋನ್ಸ್. ವಯಸ್ಸಾಗಿದ್ದ ಈ ನಾಟಿ ವೈದ್ಯ ಯಾವ ಒಪ್ಪಂದಕ್ಕೂ ಬಗ್ಗದೆ ತನ್ನವರನ್ನು ಎವರ್‌ಗ್ಲೇಡ್ಸ್ ಜೌಗಿನೊಳಕ್ಕೆ ಕರೆದೊಯ್ದ. ಸೈನ್ಯದ ಕೈಗೆ ಸಿಗಲೇ ಇಲ್ಲ. ಸಾವಿರಾರು ಜನರನ್ನು ಪಶ್ಚಿಮಕ್ಕೆ ಸಾಗಿಸಿದ ಮೇಲೂ ಫ್ಲೋರಿಡಾದಲ್ಲಿ ಉಳಿದ ಕೆಲವೇ ನೂರು ಮಂದಿಯ ಮಕ್ಕಳು ಮೊಮ್ಮಕ್ಕಳನ್ನು ಕಾಣಲು ದಕ್ಷಿಣ ಫ್ಲೋರಿಡಾದ ಬಿಗ್ ಸೈಪ್ರೆಸ್ ಎಂಬ ಸೆಮಿನೋಲರ ಮೀಸಲು ಪ್ರದೇಶಕ್ಕೆ ಹೋಗಬೇಕು.

ಅಲ್ಲಿರುವ ಆ-ತಾ-ಥಿ-ಕಿ ಮ್ಯೂಸಿಯಂ ಬುಡಕಟ್ಟಿನವರದ್ದೇ. ಅವರ ಕಥೆ ಅವರ ಮಾತಿನಲ್ಲೇ ಸಿಗುತ್ತದೆ. ಬಟ್ಟೆಯ ಸಣ್ಣ ಸಣ್ಣ ತುಂಡು ಜೋಡಿಸಿ ಹೊಲಿದ ಅಂಗಿಗಳ ಮುಂದೆ, ನಮ್ಮ ಕೌದಿ ಕಂಡವರು ತುಸು ಹೊತ್ತು ನಿಂತೇ ನಿಲ್ಲುತ್ತಾರೆ. ಹಿಂಭಾಗದಲ್ಲಿ ಸೈಪ್ರೆಸ್ ಕಾಡಿನೊಳಗೆ ಸುಮಾರು ಒಂದು ಮೈಲಿ ಮರದ ಹಲಗೆಯ ಕಾಲುದಾರಿ ಇದೆ. ಬಂದೂಕು, ಸಾಮಾನು ಹೊತ್ತ ಸೈನಿಕರು ಈ ನೀರಿನಲ್ಲಿ ಪಟ್ಟ ಪಾಡು ಅಲ್ಲಿ ನಡೆದರೆ ಅರ್ಥವಾಗುತ್ತದೆ.

ಅಲ್ಲಿಗೆ ಹೋಗುವಾಗ ಐ-75 ಹೆದ್ದಾರಿಯ 49ನೇ ಎಕ್ಸಿಟ್‌ನಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಿ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಸಸ್ಯಾಹಾರಿಗಳು ಪುಳಿಯೋಗರೆಯನ್ನೋ ಚಪಾತಿಯನ್ನೋ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಊರಿನ ಜನರ ಫೋಟೋ ತೆಗೆಯುವ ಮುನ್ನ ಕೇಳಿ. ಮ್ಯೂಸಿಯಂಗೆ ಬೆಳಗ್ಗೆಯೇ ತಲುಪಿ, ಬೆಳಕಿರುವಾಗಲೇ ಹಿಂತಿರುಗಿ. ಹೆದ್ದಾರಿಗೆ ಕೂಡುವ ಸ್ನೇಕ್ ರೋಡ್ ಹೆಸರಿಗೆ ತಕ್ಕಂತೆ ತಿರುವುಗಳ ರಸ್ತೆ.