ಇಪ್ಪತ್ತು ನಿಮಿಷದ ಹೆಪ್ಪು

1983ರಲ್ಲಿ ನಾನು ನರ್ಸ್ ಕೆಲಸಕ್ಕೆ ಸೇರಿದಾಗ ಗಾಜಿನ ಸಿರಿಂಜುಗಳನ್ನು ಕುದಿಸಿ, ಮೊಂಡಾದ ಸೂಜಿಗಳನ್ನು ಕಲ್ಲಿಗೆ ಉಜ್ಜಿ ಮತ್ತೆ ಬಳಸುತ್ತಿದ್ದೆವು. ಮೂವತ್ತಾರು ವರ್ಷದಲ್ಲಿ ಎಷ್ಟು ಹೆರಿಗೆ ಮಾಡಿಸಿದಿರಿ, ಎಷ್ಟು ಸಾವು ಕಂಡಿರಿ ಎಂದು ಜನ ಕೇಳುತ್ತಾರೆ. ಲೆಕ್ಕ ಇಟ್ಟಿಲ್ಲ. ಅವರು ಕೇಳದಿರುವ ಒಂದು ರಾತ್ರಿ ಮಾತ್ರ ಚೆನ್ನಾಗಿ ನೆನಪಿದೆ.

108 ಆಂಬುಲೆನ್ಸ್ ಬಂದ ಹೊಸತು. ಮಂಡ್ಯ ಜಿಲ್ಲೆಯ ತಾಲ್ಲೂಕು ಆಸ್ಪತ್ರೆ. ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸಿಗೆ ಕೊಳಕುಮಂಡಲ ಹಾವು ಕಚ್ಚಿತ್ತು. ಕಾಲಿಗೆ ಹಗ್ಗ ಬಿಗಿದು ಕರೆತಂದಿದ್ದರು. ವಸಡಿನಲ್ಲಿ ರಕ್ತ ಜಿನುಗುತ್ತಿತ್ತು. ವಿಷಹಾರಿ ಔಷಧ ಪುಡಿಯಾಗಿ ಬರುತ್ತದೆ. ಒಂದೊಂದು ಬಾಟಲಿಗೂ 10 ಮಿ.ಲೀ. ನೀರು ಸೇರಿಸಿ ಅಂಗೈಯಲ್ಲಿ ಮೆಲ್ಲನೆ ತಿರುಗಿಸಬೇಕು, ಕುಲುಕಿದರೆ ನೊರೆ. ಹತ್ತು ಬಾಟಲಿ ಕರಗಿಸುವಷ್ಟರಲ್ಲಿ ಕೈ ಸೋತಿತ್ತು.

ಈ ಹಾವಿನ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಔಷಧ ಕೆಲಸ ಮಾಡಿತೇ ಎಂದು ನೋಡಲು ಆರು ತಾಸು ಕಳೆದ ಮೇಲೆ ಮತ್ತೆ ರಕ್ತ ಪರೀಕ್ಷೆ. ಗಾಜಿನ ನಳಿಕೆಯಲ್ಲಿ 2 ಮಿ.ಲೀ. ರಕ್ತ ಹಾಕಿ, ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಬಾಗಿಸಿ ನೋಡುವುದು, ಅಷ್ಟೇ. ಆ ಹೆಂಗಸಿನ ಅತ್ತೆ ಪಕ್ಕದಲ್ಲೇ ನಿಂತಿದ್ದರು. "ಹಾಲಿನ ಹಾಗೆ ರಕ್ತವೂ ಹೆಪ್ಪಾಗಬೇಕಮ್ಮ" ಎಂದೆ. "ಹಾಗಿದ್ದರೆ ಮುಟ್ಟಬೇಡಿ ಸಿಸ್ಟರಮ್ಮ, ಅಲ್ಲಾಡಿದರೆ ಒಡೆಯುತ್ತದೆ" ಎಂದರು. ಪುಸ್ತಕದಲ್ಲಿ ಇದ್ದದ್ದೂ ಅದೇ.

ಬಾಗಿಸಿದೆ. ನೀರಿನಂತೆ ಹರಿಯಿತು.

ವೈದ್ಯರು ವಿಷಹಾರಿಯ ಎರಡನೆಯ ಕಂತಿಗೆ ಬರೆದರು. ಕಪಾಟಿನಲ್ಲಿ ಉಳಿದಿದ್ದದ್ದು ಆರು ಬಾಟಲಿ. ಅದು ಕುದುರೆಯ ರಕ್ತದಿಂದ ತೆಗೆದ ಔಷಧ. ಕೆಲವರಿಗೆ ಮೈಯೆಲ್ಲ ದದ್ದು ಎದ್ದು ಉಸಿರೇ ಕಟ್ಟುತ್ತದೆ. ಆದರೆ ಅವಳ ವಸಡು ಆಗಲೇ ಒಣಗಿತ್ತು. ಇದು ಹೇಗೆ ಎಂದು ಯೋಚಿಸುತ್ತ ನಳಿಕೆಯನ್ನು ಬೆಳಕಿಗೆ ಹಿಡಿದೆ. ಹೊಸದಾಗಿ ಬಂದ ಆಯಾ ಸಂಜೆ ಸಿಂಕಿನ ಮುಂದೆ ನಿಂತಿದ್ದದ್ದು ಥಟ್ಟನೆ ನೆನಪಾಯಿತು. ಕೇಳಿದರೆ, "ಎಲ್ಲ ನಳಿಕೆಯನ್ನೂ ಸೋಪಿನ ಪುಡಿ ಹಾಕಿ ಫಳಫಳ ತೊಳೆದಿದ್ದೇನೆ ಸಿಸ್ಟರ್" ಎಂದಳು, ಹೆಮ್ಮೆಯಿಂದ. ಸೋಪಿನ ಅಂಶ ಉಳಿದ ಗಾಜಿನಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಹೋಗಬಹುದು. ಬೈಯಲು ಬಾಯಿ ಬರಲಿಲ್ಲ, ಹೇಳಿಕೊಡದಿದ್ದವಳು ನಾನೇ.

ವೈದ್ಯರು ಒಂದು ಕ್ಷಣ ನನ್ನ ಮುಖ ನೋಡಿ, "ಇಪ್ಪತ್ತು ನಿಮಿಷ ಕಾಯೋಣ" ಎಂದರು. ಕಪಾಟಿನ ತಳದಿಂದ ಬಳಸದ ಹೊಸ ನಳಿಕೆ ತೆಗೆದೆ. ಗಡಿಯಾರದ ಮುಳ್ಳು ಅಷ್ಟು ನಿಧಾನವಾಗಿ ನಡೆದದ್ದನ್ನು ನಾನು ಕಂಡಿಲ್ಲ. ಅತ್ತೆ ಮೇಜನ್ನು ಯಾರೂ ತಾಗದಂತೆ ಅಡ್ಡ ನಿಂತುಬಿಟ್ಟರು, ವೈದ್ಯರನ್ನೂ ಹತ್ತಿರ ಬಿಡಲಿಲ್ಲ.

ನಳಿಕೆಯನ್ನು ತಲೆಕೆಳಗು ಮಾಡಿದೆ. ನಾವಿಬ್ಬರೂ ಬಾಯಿ ತೆರೆಯುವ ಮೊದಲೇ ಆಕೆ ಹೇಳಿದರು: "ಹೆಪ್ಪಾಯಿತು. ಗಟ್ಟಿ ಮೊಸರು."